ಟ್ರಾಮ್ ಓಡಿಸುವವಳ ಕಿವಿ

ನಾಯಿಕೂದಲ ಮಶೀನಿನ ಪೆಟ್ಟಿಗೆ ಮೇಲಿನದ್ದನ್ನು
ಹೆಲ್ವೆ ಓದಲಿಲ್ಲ. ಇಪ್ಪತ್ತು ವರ್ಷ
ಟಾಲಿನ್ನಿನಲ್ಲಿ ಟ್ರಾಮ್ ಓಡಿಸಿದವಳು,
ಮೋಟಾರಿನ ಮಾತು ಕಿವಿಗೇ ಗೊತ್ತು.
"ಒಂದೊಂದೇ ಚಾಲೂ ಮಾಡಪ್ಪ."

ಇದು ಹಲ್ಲು ಕಡಿಯುತ್ತೆ.
ಇದಕ್ಕೆ ಮೂಗು ಕಟ್ಟಿದೆ.
ವೈರಿಲ್ಲದ ಈ ದುಬಾರಿಯದು
ಅರ್ಧ ಬೆನ್ನಿಗೇ ಏದುಸಿರು ಬಿಡುತ್ತೆ, ನೋಡು.

ಕೊನೆಗೆ ಸಿಕ್ಕಿತೊಂದು, ಕಂದು ಬಣ್ಣದ್ದು,
ಕುದಿಯೋ ಮುಂಚಿನ ನೀರಿನ ಹಾಗೆ
ತನ್ನಷ್ಟಕ್ಕೆ ಗುಂಯ್ಗುಡುವಂಥದ್ದು. ಬ್ಲೇಡನ್ನು
ಮಣಿಕಟ್ಟಿಗೆ ಒತ್ತಿ ಹಿಡಿದಳು, ಬಿಸಿಯಾದೀತೇ ಎಂದು,
ಹಿಂದಿನ ಗಿರಾಕಿ ಕೆಮ್ಮುವವರೆಗೆ.

ಮನೆಯಲ್ಲಿ ಪೊಂತು ಮೇಜಿನಡಿ ಸೇರಿತು.
ಹೆಲ್ವೆಯೂ ಸೇರಿದಳು, ಮೊಣಕಾಲು ಲಟಕ್ಕೆಂದರೂ.
ಮೊದಲು ತನ್ನ ಕತ್ತಿಗೆ ತಾಗಿಸಿ ತೋರಿಸಿದಳು,
ಆಮೇಲೆ ಅದರ ಮುಂಗಾಲಿಗೆ.

ಒಂದೇ ಕಾಲು. ಅಷ್ಟಕ್ಕೆ ಸಾಕೆಂದಿತು.

ಸಂಜೆ ಹಿಮದಲ್ಲಿ ಹೊರಟಿವೆ
ಮೂರು ಉಣ್ಣೆಗಾಲು, ಒಂದು ಬೋಳುಗಾಲು.
ಹಿಂದೆ, ಕೊರಳವಸ್ತ್ರ ಮರೆತು,
ಕತ್ತಿನಲ್ಲೊಂದು ಬೋಳು ಪಟ್ಟೆಯ ಹೆಂಗಸು.