ಸೊಂಡಿಲು ಬಾತ ಆನಿ

ತೂಗೋದು ಇಲ್ಲೇನೂ ಇಲ್ಲ, ಹೆಸರಷ್ಟೇ ತೂಗುದೋಟ.
ಮಲಬಾರ್ ಗುಡ್ಡದ ನೆತ್ತಿಮ್ಯಾಲ ಕಲ್ಲಿನ ಛತ್ತು,
ಛತ್ತಿನ ಮ್ಯಾಲ ಮೊಣಕಾಲುದ್ದ ಮಣ್ಣು,
ಕೆಳಗ ಕತ್ತಲಾಗ ನೀರು.
ಅದಕ್ಕ ಇಲ್ಲಿ ಆಲ ಹಚ್ಚಂಗಿಲ್ಲ, ಬೇವು ಹಚ್ಚಂಗಿಲ್ಲ,
ಬೇರು ಆಳಕ್ಕ ಇಳಿಯೋ ಯಾವುದೂ ಬ್ಯಾಡಂತ.

ನನ್ನ ಪಾಲಿಗೆ ಬಂದದ್ದು ಒಂದು ಕತ್ತರಿ, ಎರಡು ಜಿರಾಫಿ,
ನೇಗಿಲು ಹೂಡಿದ ಎತ್ತು, ಒಂದು ಆನಿ.
ಮಳಿಗಾಲದಾಗ ವಾರಕ್ಕ ಎರಡು ಸಲ ಕಿವಿ ತೀಡಬೇಕು.
ಬಿಟ್ಟರ
ಆನಿ ಹೋಗಿ ಪೊದಿ ಆಗ್ತದ.

ತಂಗಿ ಬಾಣಂತನಕ್ಕಂತ ಚಡಚಣಕ್ಕ ಹೋದೆ, ಇಪ್ಪತ್ತು ದಿನ.
ಬಂದು ನೋಡತೀನಿ, ಎತ್ತಿಗೆ ಗಡ್ಡ ಬಂದದ,
ಆನಿ ಸೊಂಡಿಲಾಗ ಬುಲ್‌ಬುಲ್ ಗೂಡು ಕಟ್ಟ್ಯಾದ,
ಮೂರು ತತ್ತಿ, ಕೆಂಪು ಚುಕ್ಕಿಯವು.
ಪೆಡ್ಣೇಕರ್ ಸಾಹೇಬ್ರು ಗಡಿಯಾರ ನೋಡಿ,
'ಸಂಜಿಯೊಳಗ ಎಲ್ಲಾ ಸರಿ ಆಗಬೇಕು' ಅಂದ್ರು.

ಬೆನ್ನು ಕತ್ತರಿಸಿದೆ, ಕಾಲು ಕತ್ತರಿಸಿದೆ, ಬಾಲಾನೂ.
ಸೊಂಡಿಲು ಹಂಗೇ ಬಿಟ್ಟೆ, ಕೊಡದಷ್ಟು ದಪ್ಪ.
ದಿನಾ ಬೆಳಿಗ್ಗೆ ಬರೋ ಪಾರ್ಸಿ ಅಜ್ಜ
ಬಡಿಗಿ ಎತ್ತಿ ತೋರಿಸಿ ಕೇಳಿದ:
'ಏನಾಗ್ಯಾದ ಇದಕ್ಕ?'
'ಹಲ್ಲುಬ್ಯಾನಿ, ಸೇಠ್'
ಅಜ್ಜ ತನ್ನ ಗಲ್ಲ ಮುಟ್ಟಿ ನೋಡಿಕೊಂಡು ಹೋದ.

ಆನಿ ಕಾಲ ಹತ್ರ ಒಂದು ಕಬ್ಬಿಣದ ಮುಚ್ಚಳ.
ಮಧ್ಯಾಹ್ನ ಯಾರೂ ಇಲ್ಲದಾಗ ಕಿವಿ ಹಚ್ಚತೀನಿ.
ವಡಾಳದಾಗ ನಮ್ಮ ನಳ
ನಸುಕಿನ ನಾಕಕ್ಕ ಇಪ್ಪತ್ತೇ ನಿಮಿಷ ಕೆಮ್ಮತದ.
ಇಲ್ಲಿ ಅದು ದೊಡ್ಡ ಹೊಟ್ಟಿಯೊಳಗ
ಸಾವಕಾಶ ಮಗ್ಗಲು ಬದಲಸತದ.

ಮರಿ ಹಾರಿ ಮೂರು ದಿನ ಆತು.
ಕತ್ತರಿಗೆ ಎಣ್ಣಿ ಬಿಟ್ಟೀನಿ.
ನಾಳೆ ನೋಡೋಣು.