ತೂಕದ ಮನೆಗೆ ಬಂದ ಭಾಷೆ

ಬ್ಯಾಡಗಿಯ ಮಾರುಕಟ್ಟೆ, ಬೆಳಗಿನ ಆರೂವರೆ.
ಘಾಟಿಗೆ ಕಂಪ್ಯೂಟರಿನ ಫ್ಯಾನೂ ಸೀನುತ್ತದೆ.
ತೂಕದ ಮನೆಯ ಹಳೆ ಪ್ರೋಗ್ರಾಮು ಸಿ ಭಾಷೆಯದು,
ಬರೆದವರು ನದಾಫ ಸರ್,
ತೊಂಬತ್ತೆಂಟರ ಸುಗ್ಗಿಯಲ್ಲಿ, ಒಂದೇ ಬೆರಳಿನಿಂದ ಕುಟ್ಟಿ.

ಅದರ ರೀತಿ ಹೀಗೆ:
ಚೀಲ ಕೊಡುವುದಿಲ್ಲ,
ಚೀಲ ಇಟ್ಟ ಜಾಗದ ಚೀಟಿ ಕೊಡುತ್ತದೆ.
ಚೀಟಿ ಹಿಡಿದು ಹೋಗು, ಬಿಚ್ಚು, ಸುರಿ, ತುಂಬು,
ಕೇಳುವವರಿಲ್ಲ.
ಜಾಗ ಖಾಲಿಯಾಗಿ
ಬೇರೆ ಯಾರದೋ ಕಡ್ಡಿ ಮೆಣಸಿನಕಾಯಿ ಬಂದಿಳಿದರೂ
ಚೀಟಿ ಮಾತ್ರ ಅಲ್ಲಿಗೇ ಬೆರಳು ತೋರಿಸುತ್ತದೆ.
ಹೋದ ವರ್ಷ ಒಂದು ಸೋಮವಾರ
ಮೋಟೆಬೆನ್ನೂರಿನ ಚನ್ನವೀರವ್ವನ ಹನ್ನೊಂದು ಚೀಲ
ಪಟ್ಟಿಯಲ್ಲಿ ಎರಡು ಸಲ ಮಾರಾಟವಾದವು.
ಆಕೆ ಬಿಲ್ಲನ್ನು ಬೆಳಕಿಗೆ ಹಿಡಿದು
‘ಯವ್ವಾ, ನಾ ಇಷ್ಟ ಬೆಳದೇ ಇಲ್ಲ’ ಅಂದಳು.

ಅದಕ್ಕೇ ಈ ಹೊಸದು. ಹೆಸರು ರಸ್ಟ್.
‘ತುಕ್ಕಂತ ಹೆಸರಿಟ್ಟಾರ?’ ನದಾಫ ಸರ್ ನಕ್ಕರು,
ತೂಕದ ಹಲಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತ.

ಇಲ್ಲಿ ಚೀಲಕ್ಕೆ ಒಬ್ಬನೇ ಧಣಿ.
ಕೈ ಬದಲಾಯಿತೋ, ಮೊದಲಿನವನು ಅದರ ಹೆಸರೆತ್ತುವಂತಿಲ್ಲ.
ನೋಡಲು ಕಡ ಕೇಳು, ಹತ್ತು ಮಂದಿಗೂ ಕೊಡುತ್ತದೆ.
ಬದಲಿಸಲು ಕೇಳು, ಒಬ್ಬರಿಗೇ;
ಅವರು ಮುಗಿಸುವ ತನಕ ಉಳಿದವರು ಕಣ್ಣೂ ಹಾಯಿಸುವಂತಿಲ್ಲ.
ಧಣಿ ಎದ್ದು ಹೋದರೆ ಜಾಗ ತಾನೇ ಗುಡಿಸಿಕೊಳ್ಳುತ್ತದೆ.
ಇದನ್ನೆಲ್ಲ ಕಂಪೈಲರ್ ಗೇಟಿನಲ್ಲೇ ವಿಚಾರಿಸುತ್ತದೆ,
ಗಾಡಿ ಒಳಗೆ ಬಿಡುವ ಮೊದಲು.

ಮೂರು ವಾರ ನನ್ನನ್ನು ಗೇಟಿನಲ್ಲೇ ನಿಲ್ಲಿಸಿತ್ತು.
ನಲವತ್ತೇಳನೆಯ ಸಾಲು:
ಕೊಟ್ಟುಬಿಟ್ಟದ್ದನ್ನು ಮತ್ತೆ ಎಣಿಸುತ್ತಿದ್ದೀ.
ಬೈದೆ.
ಮತ್ತೆ ನೋಡಿದರೆ, ಹೌದು.

ಸರ್ ಕನ್ನಡಕ ಏರಿಸಿ ಓದಿದರು, ಬಹಳ ಹೊತ್ತು.
‘ಈ ಕಾಯ್ದೆ ನಮಗೂ ಇತ್ತವಾ.
ತಲ್ಯಾಗ ಇತ್ತು.
ನಿದ್ದಿಗೆಟ್ಟ ದಿನ ತಪ್ಪತಿತ್ತು.’

ಕೊನೆಗೆ ಉಳಿದದ್ದು ತೂಕದ ಯಂತ್ರದ ತಂತಿ.
ಆ ಮುದಿ ಯಂತ್ರಕ್ಕೆ ಧಣಿ ಗೊತ್ತಿಲ್ಲ, ಕಡ ಗೊತ್ತಿಲ್ಲ,
ಬರೀ ವಿಳಾಸ ಗೊತ್ತು.
ಅಲ್ಲಿ ಹೊಸ ಭಾಷೆಯೂ ಒಂದು ಬೇಲಿ ಹಾಕಿ,
ಅಪಾಯವೆಂದು ಹಲಗೆ ನೆಟ್ಟು, ಹಿಂದೆ ಸರಿಯುತ್ತದೆ:
ಇದರೊಳಗಿನ ವಿಳಾಸ ನಾನು ನೋಡಲಾರೆ, ನೀನೇ ಜೋಕೆ.

ಸರ್ ಕುರ್ಚಿ ಎಳೆದುಕೊಂಡರು.
ಬೇಲಿಯೊಳಗಿನ ಒಂಬತ್ತು ಸಾಲು ಅವರವು,
ಅದೇ ಒಂದು ಬೆರಳು.
ಹಳೆಯ ಕಡತದಲ್ಲಿದ್ದ ಅವರ ಟಿಪ್ಪಣಿಯನ್ನೂ
ಅದರ ನೆತ್ತಿಗೆ ಹಾಗೇ ಅಂಟಿಸಿದೆ:
‘ಇಲ್ಲಿ ಕೈ ಹಚ್ಚೂಕಿಂತ ಮೊದ್ಲ
ಒಂದ ಚಾ ಕುಡದ ಬರ್ರಿ.’