ಹದಿನೈದು ಮಿಲಿಮೀಟರ್

ಬೂಟು ಬಾಗಿಲಲ್ಲೇ ಬಿಡಿಸಿ, ಬಂದವರಿಗೆಂದೇ ಇಟ್ಟ
ಉಣ್ಣೆ ಚಪ್ಪಲಿ ಕೊಟ್ಟರು. ಒಂದು ನೀಲಿ, ಒಂದು ಕಂದು.
ಜಾಬ್ಲೊನೆಟ್ಸ್ ಊರಿಗೆ ಅಂದು ಐದನೆಯ ದಿನದ ಹಿಮ.
ಮೂರನೆಯ ಮಹಡಿಯಲ್ಲಿ ಹಳೆಯ ತೊಟ್ಟಿಯೊಂದು
ಮೂಲೆಯಲ್ಲಿ ಬೆವರಿ ಬೆವರಿ
ಕೆಳಗಿನ ಟವೆಲಿಗೆ ಕುಡಿಸುತ್ತಿತ್ತು.

ನನ್ನ ಚೀಲದಲ್ಲಿ ಎರಡು ಚೂರು, ಅಂಗೈಯಗಲ:
ಗಾಜು, ಹದಿನೈದು ಮಿಲಿಮೀಟರ್.
ಅಕ್ರಿಲಿಕ್, ಇಪ್ಪತ್ತು.
ತೊಟ್ಟಿ ಕಟ್ಟುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ
ಇವೆರಡನ್ನೇ ಮೇಜಿನ ಮೇಲಿಟ್ಟು
ಅದೇ ಮಾತು ಆಡುತ್ತೇನೆ, ಮಗ್ಗಿ ಒಪ್ಪಿಸಿದ ಹಾಗೆ:

ಹಗುರ ಬೇಕೆ, ಇದು.
ಸುಲಭಕ್ಕೆ ಒಡೆಯದು. ಬಾಗುತ್ತದೆ, ಬಾಗಿಯೂ ನಿಲ್ಲುತ್ತದೆ.
ಅಂಚಿನಿಂದ ನೋಡಿ, ಗಾಜಿನೊಳಗೆ ಕೆರೆಯ ಹಸಿರು,
ಇದರೊಳಗೆ ಏನೂ ಇಲ್ಲ.
ಆದರೆ ಉಗುರು ತಾಗಿದರೂ ನೆನಪಿಟ್ಟುಕೊಳ್ಳುತ್ತದೆ.

ಮಗಳು ಯಿತ್ಕಾ ಆಗಲೇ ಆರಿಸಿ ಕೂತಿದ್ದಳು.
ಟ್ರಾಮ್ ಓಡಿಸುವವಳು, ಲೆಕ್ಕದವಳು:
ಮೆಟ್ಟಿಲು ಐವತ್ನಾಲ್ಕು, ಲಿಫ್ಟು ಶವಪೆಟ್ಟಿಗೆಯಷ್ಟೂ ಇಲ್ಲ,
ಮನೆಯಲ್ಲಿ ವೀತೆಕ್, ಮೂರು ವರ್ಷ, ಮರದ ರೈಲು ಬೀಸುವ ವಯಸ್ಸು.
"ಗಾಜು ಬೇಡ. ಅಪ್ಪನ ಮಾತು ಕೇಳಬೇಡಿ."

ಅಪ್ಪ ಓತಾಕರ್ ಗಸಗಸೆ ಕೇಕು ಕತ್ತರಿಸುತ್ತಿದ್ದ,
ಬೆರಳಲ್ಲೇ ಅಳೆದು.
ತೂಗುದೀಪದ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ
ಗಾಜಿಗೆ ಮುಖ ಕೊರೆದವನು.
ಎಡಗಣ್ಣಿಗೆ ಪರದೆ, ಬಲಗಣ್ಣಿಗೆ ಹೊಗೆ.

"ಗೀರು ಬಿದ್ದರೆ?" ಎಂದ.
ಅಕ್ರಿಲಿಕ್ ಆದರೆ ಉಜ್ಜಿ ತೆಗೆಯಬಹುದು, ಎಂದೆ,
ಗಾಜಿನ ಗೀರು ಹಾಗೇ ಉಳಿಯುತ್ತದೆ.
"ಯಾರಪ್ಪ ನಿನಗೆ ಹೇಳಿದ್ದು?"
ನಕ್ಕ ನಗೆಗೆ ಕೇಕಿನ ಚೂರು ಮೇಜಿಗೆಲ್ಲ ಹಾರಿತು.
ಇಪ್ಪತ್ತೆರಡು ವರ್ಷದ ಮಗ್ಗಿ ಅಲ್ಲಿಗೇ ತಪ್ಪಿತು.

ಹಳೆಯ ತೊಟ್ಟಿಯಲ್ಲಿ ಬಾರೋನ್,
ಹದಿನೆಂಟು ವರ್ಷದ ಬೆಕ್ಕುಮೀನು, ಮೊಳದುದ್ದ,
ಗೋಡೆಗೆ ತುಟಿ ಅಂಟಿಸಿ ಪಾಚಿ ಕೆರೆಯುತ್ತಿತ್ತು.
ಅಂಥ ಬಾಯಿ ಅಕ್ರಿಲಿಕ್ಕಿಗೆ ಮರಳುಕಾಗದ,
ಇದನ್ನು ನಾನು ಹೇಳಲೇಬೇಕಿತ್ತು. ಹೇಳಿದೆ.
"ಮೀನು ಇನ್ನೆಷ್ಟು ದಿನ," ಎಂದಳು ಯಿತ್ಕಾ,
ಎಂದವಳೇ ಕಿಟಕಿಯ ಕಡೆ ತಿರುಗಿದಳು.

ಮುಂದೆ ಗಾಜು, ಉಳಿದದ್ದು ಅಕ್ರಿಲಿಕ್, ಆಗದೇ?
ಆಗದು. ಸಿಲಿಕೋನ್ ಒಂದನ್ನು ಹಿಡಿಯುತ್ತದೆ,
ಇನ್ನೊಂದನ್ನು ಹಿಡಿದಂತೆ ನಟಿಸುತ್ತದೆ.
ಇಬ್ಬರೂ ಸುಮ್ಮನಾದರು. ನಾನು ಕೇಕು ತಿಂದೆ.

ಆಮೇಲೆ ಅವನು ಎರಡು ಚೂರನ್ನೂ
ಬಟ್ಟೆ ಒಣಹಾಕುವ ಚಿವುಟಿಯಿಂದ ಎತ್ತಿ ಹಿಡಿದು
ಚಮಚದಿಂದ ಬಡಿದ.
ಇದು: ಡಬ್.
ಇದು: ಟಿಣ್, ಮತ್ತೆ ಅದರ ಬಾಲ,
ಅಡುಗೆಮನೆಯವರೆಗೂ ಹೋಗಿ ಬಂತು.

"ತಿಳಿಯಾಗಿ ಕಾಣುವುದು ಯಾವುದೆಂದು ಹೇಳಿದೆ,
ಒಪ್ಪಿದೆ. ನನಗಲ್ಲ ಅದು.
ರಾತ್ರಿ ಬಾರೋನ್ ಗೋಡೆಗೆ ಬಾಲ ಹೊಡೆದರೆ
ಮಲಗಿದಲ್ಲೇ ಗೊತ್ತಾಗುತ್ತದೆ, ಎಡಮೂಲೆ, ಬಲಮೂಲೆ.
ಅದರಲ್ಲಿ ನಾನು ಏನು ಕೇಳಲಿ?"

ನಾನು ಅಳತೆಪಟ್ಟಿ ಬಿಚ್ಚಿದೆ. ಇನ್ನೇನು ಮಾಡಲಿ.
ಎರಡು ಮೀಟರ್, ಅರವತ್ತು, ಎಪ್ಪತ್ತು.
ಎಂಟುನೂರು ಲೀಟರ್ ಮೇಲೆ ನೀರು,
ಗಾಜೇ ಇರಲಿ ಅಕ್ರಿಲಿಕ್ಕೇ ಇರಲಿ, ನೀರಿನ ತೂಕ ಒಂದೇ;
ತೊಲೆಯ ಮೇಲಿನ ಗೋಡೆಗೆ ಒತ್ತಿಸಿ ಇಡಬೇಕು.
ಯಿತ್ಕಾ ಏನೂ ಅನ್ನದೆ ಸೋಫಾದ ಒಂದು ತುದಿ ಹಿಡಿದಳು.

ಆರು ಜನ, ಐವತ್ನಾಲ್ಕು ಮೆಟ್ಟಿಲು,
ನಲವತ್ತನೆಯದರಲ್ಲಿ ನನ್ನ ಹೆಬ್ಬೆರಳು.
ಮುಂಭಾಗಕ್ಕೆ, ವೀತೆಕ್‌ನ ಎತ್ತರಕ್ಕೆ,
ಅಕ್ರಿಲಿಕ್ ಹಲಗೆಯೊಂದನ್ನು ಒರಗಿಸಿ ಬಂದೆ, ಅಂಟಿಲ್ಲದೆ.
ಬಿಲ್ಲಿಗೆ ಸೇರಿಸಲಿಲ್ಲ.

ಮಾರ್ಚಿಯಲ್ಲಿ ಒಂದು ರಾತ್ರಿ ಫೋನು. ಓತಾಕರ್.
"ಕೇಳು," ಎಂದು ಗಾಜಿಗೆ ಒತ್ತಿ ಹಿಡಿದ.
ಪಂಪಿನ ಗುರ್ರ್ ಒಂದೇ ಕೇಳಿದ್ದು ನನಗೆ.
"ಕೇಳಿಸಿತಾ?"
ಹೂಂ, ಎಂದೆ. "ಯಾವ ಮೂಲೆ?" ಎಂದ.
ಎಡ, ಎಂದೆ.
"ಬಲ," ಎಂದ, ತುಂಬ ಖುಷಿಯಿಂದ.